ಕಾಟಜ್ಜನ ಗಣೆ ಕಂಡ ನಾಲ್ಕು ಊರು

ಕಾಟಜ್ಜ ಪರದೇಶದ ನಾಲ್ಕು ಹಳೇ ಊರು ನೋಡಿ ಬಂದ. ಆದರೆ ಒಂದನ್ನೂ ಎರಡು ಕೈ ಖಾಲಿ ಇಟ್ಟುಕೊಂಡು ನೋಡಲಿಲ್ಲ. ಒಂದು ಕೈಯಲ್ಲಿ ಸದಾ ಗಣೆ. ಗಣೆ ಎಂದರೆ ಉದ್ದನೆಯ ಬಿದಿರಿನ ಕೊಳಲು; ಕಾಡುಗೊಲ್ಲರು ಜುಂಜಪ್ಪ ದೇವರ ಪದ ಹಾಡುವಾಗ ನಡುನಡುವೆ ಊದುವುದು. ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿ ಹತ್ತಿರದ ಅವರ ಹಟ್ಟಿಯಲ್ಲಿ ಅದನ್ನು ಊದುವ ಹಕ್ಕು ಕಾಟಜ್ಜನ ಮನೆತನದ್ದು. ಉಳಿದಂತೆ ಅವನು ಕುರಿ ಕಾಯುವವನು, ಮಾತು ಕಡಿಮೆ, ಹಟ ಜಾಸ್ತಿ. ನಾನು ಮೊದಮೊದಲು 'ಅವರು, ಇವರು' ಎನ್ನುತ್ತಿದ್ದೆ. "ಹಂಗನ್ನಬ್ಯಾಡ್ರಿ ಮೇಷ್ಟ್ರೆ, ಹಿಂದೆ ಇನ್ಯಾರೋ ಬಂದವ್ರೆ ಅಂತ ತಿರುಗಿ ನೋಡ್ತೀನಿ" ಎಂದ. ಹಾಗಾಗಿ ಏಕವಚನ.

ನಾನು ಆಗ ಹೊಸದುರ್ಗದಲ್ಲಿ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು. ತೊಂಬತ್ತೆಂಟರಲ್ಲಿ ಉಜ್ಬೇಕಿಸ್ತಾನದ ಒಂದು ಜಾನಪದ ಮೇಳಕ್ಕೆ ನಮ್ಮ ಜಿಲ್ಲೆಯಿಂದ ಬಿ.ದುರ್ಗದ ಡೊಳ್ಳಿನವರನ್ನೂ ಕಾಟಜ್ಜನನ್ನೂ ಆರಿಸಿದರು. ತಂಡದ ಜೊತೆ ಇಂಗ್ಲಿಷ್ ಬಲ್ಲವನೊಬ್ಬ ಇರಲಿ ಎಂದು ನನ್ನನ್ನೂ ಸೇರಿಸಿದರು. ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು, ನಾವು ಹೋದ ಕಡೆಯಲ್ಲೆಲ್ಲ ಇಂಗ್ಲಿಷ್ ಬಲ್ಲವನು ನಾನೊಬ್ಬನೇ ಎಂದು.

ಅಜ್ಜನನ್ನು ಕರೆದುಕೊಂಡು ಹೋಗಲು ಹಟ್ಟಿಗೆ ಹೋದ ದಿನ ದೇವರ ಗುಡಿಯ ಮುಂದೆ ಹಿರಿಯರು ಕೂತಿದ್ದರು. ಗುಡಿಯ ಪೂಜಾರಿ ಚಿತ್ರಲಿಂಗಪ್ಪನದು ಅಲ್ಲಿ ಕೊನೆಯ ಮಾತು. ಆ ಗಣೆ ಹಟ್ಟಿ ದಾಟಿ ಹಿರಿಯೂರು ಸಂತೆಗೂ ಹೋದದ್ದಲ್ಲ. ಚಿತ್ರಲಿಂಗಪ್ಪ ಹೇಳಿದ, "ಹೋಗಿ ಬಾ ಕಾಟ. ಆದ್ರೆ ಗಣೆ ನೆಲ ಮುಟ್ಟಂಗಿಲ್ಲ, ಹೆಂಗಸರ ಕೈ ಸೋಕಂಗಿಲ್ಲ. ಕಟ್ಟಳೆ ತಪ್ಪಿದ್ರೆ ಗಣೆ ನಿನಗೂ ಇಲ್ಲ, ನಿನ್ನ ಮಗನಿಗೂ ಇಲ್ಲ." ಮಗ ರಂಗೇಶ್ ಆಗಷ್ಟೇ ಊದುವುದು ಕಲಿತಿದ್ದ. ಅಜ್ಜ ತಲೆಯಾಡಿಸಿದ. ಹೆಂಡತಿ ಈರಕ್ಕ ಹುರಿಹಿಟ್ಟಿನ ಗಂಟು ಕೊಟ್ಟು, ಗಂಡನ ಮುಖ ನೋಡದೆ ಗಣೆಯ ಕಡೆಗೇ ಕೈ ಮುಗಿದಳು.

ದೆಹಲಿಯ ವಿಮಾನ ನಿಲ್ದಾಣದಲ್ಲಿಯೇ ಮೊದಲ ಜಗಳ. ಅಷ್ಟುದ್ದದ ಬಿದಿರನ್ನು ಸಾಮಾನಿನ ಜೊತೆ ಹಾಕಿ ಎಂದರು. ಪೆಟ್ಟಿಗೆಗಳ ಕೆಳಗೆ ಜುಂಜಪ್ಪ ಮಲಗುವುದಾದರೆ ನಾನು ಹಿರಿಯೂರು ಬಸ್ಸು ಹಿಡಿಯುತ್ತೇನೆ ಎಂದು ಅಜ್ಜ ಅಲ್ಲೇ ನಿಂತುಬಿಟ್ಟ. ನಾನು ಕಾಡಿ ಬೇಡಿ, ಕೊನೆಗೆ ರೇಗಿ, ಪೈಲಟ್ಟಿನವರೆಗೂ ಹೋದೆ. ಆತ ಯಾವ ಪುಣ್ಯಾತ್ಮನೋ, ಖಾಲಿ ಇದ್ದ ಸೀಟುಗಳ ಮೇಲೆ ಅಡ್ಡಲಾಗಿ ಕಟ್ಟಿಕೊಳ್ಳಿ ಎಂದ. ಅಜ್ಜ ತಲೆಯ ರುಮಾಲು ಬಿಚ್ಚಿ ಕಟ್ಟಿದ. ವಿಮಾನ ಮೇಲೇರುವಾಗ ನಾವೆಲ್ಲ ಕಣ್ಣು ಮುಚ್ಚಿಕೊಂಡರೆ ಅವನೊಬ್ಬ ಕಣ್ಣು ಬಿಟ್ಟುಕೊಂಡು ರುಮಾಲಿನ ಗಂಟು ಕಾಯುತ್ತಿದ್ದ.

ತಾಷ್ಕೆಂಟಿನ ಹೋಟೆಲಿನಲ್ಲಿ ಗಣೆಯನ್ನು ಕಿಟಕಿಯ ಪರದೆ ಕಂಬಿಗೆ ತೂಗಿಹಾಕಿದ. ಅವನು ಸ್ನಾನಕ್ಕೆ ಹೋದಾಗ ಕಂಬಿಯ ಮೇಲೆ ನಂಬಿಕೆಯಿಲ್ಲದೆ ನನ್ನನ್ನು ಕಾವಲಿಗೆ ಹಾಕುತ್ತಿದ್ದ. ಅದಕ್ಕೆ ನಾನು ಮೊದಲೇ ಮಿಂದಿರಬೇಕು. ಆ ಚಳಿಯಲ್ಲಿ ಬೆಳಗಿನ ಆರಕ್ಕೆ ಮಿಂದು, ಒದ್ದೆ ತಲೆಯಲ್ಲಿ ಕೊಳಲು ಕಾಯುತ್ತಾ, ಎಂ.ಎ. ಓದಿದ್ದು ಇದಕ್ಕೇನಾ ಎಂದುಕೊಂಡದ್ದುಂಟು.

ಸಮರ್ಕಂದದ ನೀಲಿ ಗುಮ್ಮಟಗಳ ಕೆಳಗೆ ಡೊಳ್ಳಿನ ಹುಡುಗರು ಫೋಟೋ ತೆಗೆಸಿಕೊಂಡು ದಣಿದರು. ಅಜ್ಜ ಮಾತ್ರ ಗೋಡೆಯ ಒಂದು ಹೆಂಚಿನ ತುಣುಕಿನ ಮುಂದೆ ನಿಂತು ಬೆರಳಿನಿಂದ ಸವರಿ ನೋಡುತ್ತಿದ್ದ. ಒಬ್ಬ ದೊಡ್ಡ ದೊರೆಯ ಗೋರಿಯೊಳಗೆ ಹೋಗುವಾಗ ಕಾವಲುಗಾರ ಕೋಲು ಹೊರಗಿಡು ಎಂದು ಸನ್ನೆ ಮಾಡಿದ. ಇಷ್ಟು ದೂರ ಬಂದು ನೋಡದೆ ಹೋಗುತ್ತೀಯಾ ಎಂದು ನಾನು ಗದರಿದೆ. "ಸತ್ತೋರನ್ನ ನೋಡಾಕೆ ಇರೋನ್ನ ಹೊರಗೆ ನಿಲ್ಲಿಸ್ಲಾ ಮೇಷ್ಟ್ರೆ?" ಎಂದು ಮೆಟ್ಟಿಲ ಮೇಲೆ ಕೂತ. ನಾನು ಸಿಟ್ಟಿನಲ್ಲಿ ಅವನನ್ನು ಬಿಟ್ಟು ಒಳಗೆ ಹೋದೆ.

ಬುಖಾರಾದಲ್ಲಿ ಮಾತ್ರ ಅವನೇ ನಮಗೆ ಊರು ತೋರಿಸಿದ. ಊರಾಚೆ ಒಂದು ಕುರಿ ಹಿಂಡು ಕಂಡದ್ದೇ ಬಸ್ಸು ನಿಲ್ಲಿಸಿದ. ಆ ಕುರಿಗಳಿಗೆ ಬಾಲದ ಜಾಗದಲ್ಲಿ ಕೊಬ್ಬಿನ ದಪ್ಪ ಗಡ್ಡೆ. ಅಜ್ಜ ಒಂದು ಟಗರಿನ ಹಲ್ಲು ಬಿಡಿಸಿ ನೋಡಿ ವಯಸ್ಸನ್ನು ಬೆರಳಲ್ಲಿ ಹೇಳಿದ. ಅಲ್ಲಿಯ ಕುರಿಗಾಹಿ ನಕ್ಕು ಬೆನ್ನು ತಟ್ಟಿದ. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಸಾಕಷ್ಟು ಹೊತ್ತು ಹರಟಿದರು. ಅಲ್ಲಿದ್ದ ದುಭಾಷಿ ನಾನು, ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಕೊನೆಯ ಊರು ಖೀವಾ. ಸುತ್ತಲೂ ಮರಳುಗಾಡು, ನಡುವೆ ಎತ್ತರದ ಮಣ್ಣಿನ ಕೋಟೆ, ಕೋಟೆಯೊಳಗೇ ಊರು. ಚಿತ್ರದುರ್ಗದ ಕಡೆಯವರಿಗೆ ಇನ್ನೊಬ್ಬರ ಕೋಟೆ ಕಂಡರೆ ಮೂಗು ಮುರಿಯುವುದು ಹುಟ್ಟುಗುಣ. ಡೊಳ್ಳಿನವರು ಶುರು ಮಾಡಿಯೇ ಬಿಟ್ಟರು, ನಮ್ಮ ಏಳು ಸುತ್ತಿನ ಕಲ್ಲಿನ ಕೋಟೆ ಎಲ್ಲಿ, ಈ ಮಣ್ಣುಗೋಡೆ ಎಲ್ಲಿ ಎಂದು. ಅಜ್ಜ ಅವರನ್ನು ತಡೆದ. ನಮಗೆ ಬೆಟ್ಟದ ತುಂಬ ಕಲ್ಲಿತ್ತು, ಕಟ್ಟಿದೆವು; ಇವರಿಗೆ ಕಲ್ಲೇ ಇಲ್ಲ, ಆದರೂ ಕಟ್ಟಿದ್ದಾರೆ, ಕೈ ಮುಗೀರಿ ಎಂದ.

ಕೋಟೆಯೊಳಗಿನ ಬಯಲಿನಲ್ಲಿ ನಮ್ಮ ಕಾರ್ಯಕ್ರಮ. ಬೆಳಿಗ್ಗೆಗೆ ಎಂದಿದ್ದರು. ಯಾರೋ ದೊಡ್ಡ ಅತಿಥಿ ಬರುವುದು ತಡವೆಂದು ಮಧ್ಯಾಹ್ನಕ್ಕೆ ಹಾಕಿದರು, ಆಮೇಲೆ ಸಂಜೆಗೆ. ಎಲ್ಲಿಯೂ ಅಷ್ಟೇ, ದೊಡ್ಡವರು ಬರುವವರೆಗೆ ಸಣ್ಣವರು ಬಿಸಿಲು ಕಾಯಬೇಕು. ನಾವು ಊಟ ಮಾಡಿ ಬಂದೆವು. ಅಜ್ಜ ಬರಲಿಲ್ಲ. ಪರರ ಕೈಯಡುಗೆ ಬೇಸರವಾಗಿರಬೇಕು ಎಂದುಕೊಂಡೆ.

ವೇದಿಕೆಯ ಪಕ್ಕ ಒಬ್ಬ ಮುದುಕಿ ಮಡಿಲಲ್ಲಿ ಅಗಲವಾದ ಮರದ ತಟ್ಟೆ ಇಟ್ಟುಕೊಂಡು ರೊಟ್ಟಿ ಮಾರುತ್ತಿದ್ದಳು. ಅವರೂ ಅದನ್ನು ನಾನ್ ಎಂದೇ ಕರೆಯುತ್ತಾರೆ. ಬೆಳಗಿನಿಂದ ಗಣೆ ಹಿಡಿದು ನಿಂತಿದ್ದ ಅಜ್ಜನನ್ನು ನೋಡಿ ಅವಳಿಗೆ ಮರುಕವಾಯಿತೇನೋ, ಅದನ್ನು ಕೆಳಗಿಟ್ಟು ಕೂತುಕೋ ಎಂದು ಕೈಸನ್ನೆ ಮಾಡಿದಳು. ಅಜ್ಜ ನೆಲ ತೋರಿಸಿ, ಆಗದೆಂದು ತಲೆಯಾಡಿಸಿ, ಗಣೆಯನ್ನು ಹಣೆಗೆ ಒತ್ತಿಕೊಂಡ. ಅವಳು ಒಂದು ರೊಟ್ಟಿ ಎತ್ತಿ ಹಿಡಿದಳು. ನೆಲ ತೋರಿಸಿದಳು, ತಲೆಯಾಡಿಸಿದಳು, ರೊಟ್ಟಿಯನ್ನು ಹಣೆಗೆ ಒತ್ತಿಕೊಂಡಳು. ಅವರಲ್ಲಿ ರೊಟ್ಟಿಯನ್ನು ನೆಲಕ್ಕೆ ತಾಕಿಸುವುದಿಲ್ಲವಂತೆ. ಇಬ್ಬರೂ ನಕ್ಕರು. ಆ ರೊಟ್ಟಿಯನ್ನೇ ಅವಳು ತಿನ್ನಲು ಕೊಟ್ಟರೆ ಅಜ್ಜ ಎದೆಗೆ ಕೈಯಿಟ್ಟು ಬೇಡವೆಂದ.

ಸಂಜೆ ಅಜ್ಜನ ಸರದಿ ಬಂತು. ವೇದಿಕೆಯ ಅಂಚಿನವರೆಗೆ ಬಂದ, ಗಣೆಯನ್ನು ತುಟಿಗೆ ಏರಿಸಿದ, ಹಾಗೇ ತತ್ತರಿಸಿದ. ಊದುವ ದಿನ ಊದಿ ಮುಗಿಸುವವರೆಗೆ ಅನ್ನ ಮುಟ್ಟಬಾರದು ಎನ್ನುವುದು ಅವರ ನೇಮ. ಹಟ್ಟಿಯಲ್ಲಿ ಹೊತ್ತಿಗೆ ಸರಿಯಾಗಿ ಊದುತ್ತಾರೆ, ತೊಂದರೆಯಿಲ್ಲ. ಇಲ್ಲಿ ಹಿಂದಿನ ರಾತ್ರಿಯಿಂದ ಬರೀ ನೀರಿನ ಮೇಲಿದ್ದಾನೆ, ಯಾರಿಗೂ ಹೇಳಿಲ್ಲ. ನಮ್ಮ ಕಣ್ಣೆದುರೇ ಅಜ್ಜ ಕುಸಿದ, ಗಣೆ ಕೈಯಿಂದ ವೇದಿಕೆಯಾಚೆ ಚಿಮ್ಮಿತು.

ನಾವ್ಯಾರೂ ತಲುಪುವಷ್ಟು ಹತ್ತಿರ ಇರಲಿಲ್ಲ. ಆ ಮುದುಕಿ ಇದ್ದಳು. ತಟ್ಟೆಯನ್ನು ಒಂದೇ ಏಟಿಗೆ ಆಚೆ ತಳ್ಳಿ ಎರಡೂ ತೋಳು ಚಾಚಿದಳು. ಗಣೆ ಅವಳ ಮಡಿಲಿಗೆ ಬಿತ್ತು. ರೊಟ್ಟಿಗಳೆಲ್ಲ ಧೂಳಿಗೆ ಬಿದ್ದವು.

ಅಜ್ಜನಿಗೆ ನೀರು ಚಿಮುಕಿಸಿ ಎಬ್ಬಿಸಿದೆವು. ಅವನ ಕಣ್ಣು ಮೊದಲು ಹುಡುಕಿದ್ದು ಗಣೆಯನ್ನು. ಡೊಳ್ಳಿನವನೊಬ್ಬ ಇಸಿದುಕೊಳ್ಳಲು ಹೋದರೂ ಅವಳು ಕೊಟ್ಟಿರಲಿಲ್ಲ. ಮಗುವನ್ನು ಹಿಡಿದಂತೆ ಹಿಡಿದು ಕೂತಿದ್ದಳು. ಅಜ್ಜ ಎದ್ದು ಬಂದ ಮೇಲೆ ಎರಡೂ ಕೈಯಲ್ಲಿ ಅವನಿಗೇ ಕೊಟ್ಟಳು. ಆಮೇಲೆ ಬಗ್ಗಿ ಒಂದೊಂದೇ ರೊಟ್ಟಿ ಎತ್ತಿ, ಧೂಳು ಊದಿ, ಮುತ್ತಿಟ್ಟು, ಹಣೆಗೆ ಒತ್ತಿಕೊಂಡಳು.

ಅಜ್ಜ ಅವತ್ತು ಊದಿದ. ಬೇಡವೆಂದರೂ ಕೇಳದೆ, ಹಸಿದ ಹೊಟ್ಟೆಯಲ್ಲೇ ನಿಂತು ಊದಿದ. ಆ ಮಣ್ಣುಗೋಡೆಗಳ ನಡುವೆ ಆ ದನಿ ಏಳುತ್ತಿದ್ದರೆ, ಇವನು ನಮ್ಮ ಜಿಲ್ಲೆಯವನು ಎಂದು ಸಿಕ್ಕಸಿಕ್ಕವರಿಗೆಲ್ಲ ಕೂಗಿ ಹೇಳಬೇಕೆನಿಸಿತು ನನಗೆ. ಮುಗಿದ ಮೇಲೆ ಅಜ್ಜ ಮುದುಕಿಯ ಹತ್ತಿರ ಹೋಗಿ ಕೈ ಚಾಚಿದ. ಅವಳು ಒಳ್ಳೆಯ ರೊಟ್ಟಿ ಹುಡುಕುತ್ತಿದ್ದರೆ, ಬಿದ್ದದ್ದನ್ನೇ ಕೊಡು ಎಂದು ತೋರಿಸಿ, ಅದನ್ನು ತಿಂದು ಉಪವಾಸ ಬಿಟ್ಟ.

ವಾಪಸು ಬರುವ ವಿಮಾನದಲ್ಲಿ ನಾನೊಂದು ಬುದ್ಧಿಮಾತು ಹೇಳಿದೆ. ನೆಲವಂತೂ ಮುಟ್ಟಿಲ್ಲ, ಮುದುಕಿಯ ವಿಷಯ ಹಟ್ಟಿಯಲ್ಲಿ ಎತ್ತಬೇಡ, ಸಾಕ್ಷಿ ಕೇಳಲು ಯಾರು ಖೀವಾಕ್ಕೆ ಹೋಗುತ್ತಾರೆ ಎಂದೆ. ಅಜ್ಜ ಕಿಟಕಿಯ ಆಚೆ ನೋಡುತ್ತಾ ಹೇಳಿದ, "ಹೇಳ್ದೆ ಹೋದ್ರೆ ಆ ತಾಯಿ ರೊಟ್ಟಿ ಸುಮ್ನೆ ಮಣ್ಣಿಗೆ ಬಿದ್ದಂಗೆ ಆಗ್ತೈತೆ ಮೇಷ್ಟ್ರೆ."

ಗುಡಿಯ ಮುಂದೆ ಮತ್ತೆ ಹಿರಿಯರು ಕೂತರು. ಅಜ್ಜ ಗಣೆ ಹಿಡಿದು ನಿಂತೇ ಎಲ್ಲ ಹೇಳಿದ, ಒಂದು ಮಾತೂ ಮುಚ್ಚಲಿಲ್ಲ. ಹೆಂಗಸಿನ ಮಡಿಲು ಎಂದಾಗ ಗುಜುಗುಜು ಎದ್ದಿತು. ಕಟ್ಟಳೆ ಮುರಿಯಿತು ಎಂದರು ಕೆಲವರು. ಮೂಲೆಯಲ್ಲಿದ್ದ ರಂಗೇಶ್ ತಲೆ ತಗ್ಗಿಸಿದ. ಈರಕ್ಕನ ಮುಖ ನೋಡಲಾಗಲಿಲ್ಲ ನನಗೆ. ಚಿತ್ರಲಿಂಗಪ್ಪ ಎಲ್ಲರನ್ನೂ ಸುಮ್ಮನಿರಿಸಿ ಒಂದೇ ಮಾತು ಕೇಳಿದ, "ಬಿದ್ದ ರೊಟ್ಟಿನ ಏನು ಮಾಡಿದ್ಲು?"

"ಒಂದೊಂದೇ ಎತ್ತಿ ಮುತ್ತಿಟ್ಟು ಹಣೆಗೆ ಒತ್ಕಂಡ್ಲು."

ಚಿತ್ರಲಿಂಗಪ್ಪ ಎದ್ದ. "ತನ್ನ ದೇವರನ್ನ ನೆಲಕ್ಕೆ ಬಿಟ್ಟು ನಮ್ಮ ದೇವರನ್ನ ಎತ್ಕಂಡವ್ಳೆ. ಗಣೆ ನೆಲ ಮುಟ್ಟದಂಗೆ ಕಾಯ್ದ ಕೈಯಿಂದ ಕಟ್ಟಳೆ ಮುರಿಯಾಕಿಲ್ಲ. ಅವಳು ಹೊರಗಿನೋಳು ಹೆಂಗಾಗ್ತಾಳೆ? ಈ ಹಟ್ಟಿ ಮಗಳು ಅವಳು. ಊದು ಕಾಟ."

ಪದ ಶುರು ಮಾಡುವ ಮೊದಲು ಗಣೆ ಕಾಪಾಡಿದ ಹಿರಿಯರನ್ನೆಲ್ಲ ಅವರಲ್ಲಿ ಹೆಸರು ಹಿಡಿದು ನೆನೆಯುತ್ತಾರೆ. ಅವತ್ತು ಆ ಹೆಸರುಗಳ ಕೊನೆಗೆ, ಖೀವಾದ ರೊಟ್ಟಿ ಮಾರುವ ತಾಯಿಗೆ ಶರಣು ಎಂದು ಕಾಟಜ್ಜ ಸೇರಿಸಿದ. ಅವಳ ಹೆಸರು ನಮಗ್ಯಾರಿಗೂ ತಿಳಿದಿರಲಿಲ್ಲ.

ಕಾಟಜ್ಜ ತೀರಿಕೊಂಡು ಎರಡು ವರ್ಷದ ಮೇಲೆ, ಎರಡು ಸಾವಿರದ ಏಳರಲ್ಲಿ, ಮತ್ತೆ ಆ ಹಟ್ಟಿಗೆ ಹೋಗಿದ್ದೆ. ರಂಗೇಶ್ ಊದುತ್ತಿದ್ದ. ಖೀವಾದ ತಾಯಿಯ ಸಾಲು ಬಂದಾಗ ಕೂತವರೆಲ್ಲ ದನಿಗೂಡಿಸಿದರು. ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ, ಪಕ್ಕದಲ್ಲಿದ್ದ ಈರಕ್ಕನನ್ನು ಪರೀಕ್ಷೆ ಮಾಡಲು ಹೋದೆ. ಖೀವಾ ಅಂದರೆ ಯಾವ ಊರು, ಗೊತ್ತೇನಮ್ಮ ಎಂದೆ.

ಅವಳು ನನ್ನನ್ನು ಏನೂ ತಿಳಿಯದವನಂತೆ ನೋಡಿದಳು.

"ದೂರ ಅಂತೆ ಕಣಪ್ಪ. ನಮ್ಮ ಹೆಣ್ಣು ಕೊಟ್ಟಿರೋ ಊರು."