ಬೀದಿಗೆ ಹೇಳಿದ ಮಾತು

ಎಪ್ಪತ್ತರ ದಶಕದಲ್ಲಿ ನಮ್ಮ ಬಡಾವಣೆಯಲ್ಲಿದ್ದ ಇನ್ಸ್‌ಪೆಕ್ಟರು ಸಂಜೆ ಜೀಪು ಬಿಟ್ಟು, ಟೋಪಿಯನ್ನು ಕಂಕುಳಲ್ಲಿಟ್ಟುಕೊಂಡು ನಡೆದೇ ಬರುತ್ತಿದ್ದರು. ಯಾರು ಸಿಕ್ಕರೂ, "ಎಲ್ಲ ಕ್ಷೇಮಾನಾ?" ಎನ್ನುತ್ತಿದ್ದರು.

ಒಮ್ಮೆ, ಚಿಕ್ಕಪೇಟೆಯಲ್ಲಿ ಕೊಂಡಿದ್ದ ತಂಗಿಯ ಧಾರೆ ಸೀರೆ ಕಾಣೆಯಾಯಿತು. ರವಿಕೆಯ ಅಳತೆಗೆ ಬಂದಿದ್ದ ಎದುರುಮನೆ ಟೈಲರ್ ಮೇಲೆ ನಾನೇ ದೂರು ಕೊಟ್ಟೆ. ಎಲ್ಲರ ಕಣ್ಣೆದುರೇ ಪೊಲೀಸರು ಅವರನ್ನು ಕರೆದೊಯ್ದರು. ಮರುದಿನ ಸೀರೆ ದೇವರ ಪೆಟ್ಟಿಗೆಯಲ್ಲಿ ಸಿಕ್ಕಿತು. ಅರಿಶಿನ ಹಚ್ಚಿ ಅಜ್ಜಿಯೇ ಇಟ್ಟು ಮರೆತಿದ್ದರು. ಠಾಣೆಗೆ ಹೋಗಿ ಹೇಳಿದೆ.

ಇನ್ಸ್‌ಪೆಕ್ಟರು ತಾವೇ ಟೈಲರನ್ನು ಮನೆಗೆ ಕರೆತಂದು, ಅವರ ಹೆಂಡತಿಗೆ "ತಪ್ಪಾಯ್ತಮ್ಮ" ಎಂದರು.

"ನಂಗ್ಯಾಕೆ ಹೇಳ್ತೀರಾ ಸ್ವಾಮಿ? ಬೀದಿಯೆಲ್ಲ ಕಳ್ಳ ಅಂತಿದೆ. ಹೋಗಿ, ಅವ್ರಿಗೆ ಹೇಳಿ."

ಮದುವೆಗೆ ಕರೆಯಲು ಬಂದವರಂತೆ ಅವರು ಒಂದೊಂದೇ ಬಾಗಿಲು ತಟ್ಟಿದರು. "ಟೈಲರ್ ಕದ್ದಿಲ್ಲ. ತಪ್ಪು ನಮ್ದು."

ದೂರು ಕೊಟ್ಟವರು ಯಾರೆಂದು ಅವರು ಯಾವ ಮನೆಯಲ್ಲೂ ಹೇಳಲಿಲ್ಲ. ನಾನೂ ಹೇಳಲಿಲ್ಲ.