ಬೇರೆ ಹೆಸರಲ್ಲಿ ಬಂದ ಕರೆ

ವರ್ಲೀನ್ ಸ್ಟಿಡಮ್ ಹತ್ತೊಂಬತ್ತು ವರ್ಷದಿಂದ ವೃದ್ಧಾಶ್ರಮವೊಂದರ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸಕ್ಕಿದ್ದಾಳೆ. ಕೆಂಟಕಿಯ ಗುಡ್ಡಗಳ ನಡುವಿನ ಟಾಲಿವರ್ ಕೌಂಟಿಯಲ್ಲಿ ಗಣಿ ಮುಚ್ಚಿದ ಮೇಲೆ ಉಳಿದಿರುವ ಕೆಲಸಗಳೆಂದರೆ ಆಶ್ರಮ, ಶಾಲೆ ಮತ್ತು ಜೈಲು. ಆ ಜೈಲಿನಲ್ಲೇ ಅವಳ ಮಗಳು ಕೆಂಡ್ರಾ ಆರು ವಾರದಿಂದ ಇದ್ದಳು. ಅಜ್ಜಿಯ ನೋವಿನ ಮಾತ್ರೆಗಳನ್ನು ಕದ್ದು ಮಾರಿದ್ದಳು.

ಆ ಅಜ್ಜಿ, ವರ್ಲೀನಳ ತಾಯಿ ಓಲೀಟಾ, ಮನೆಯ ಹಜಾರದಲ್ಲಿ ಬಾಡಿಗೆಗೆ ತಂದ ಆಸ್ಪತ್ರೆ ಮಂಚದ ಮೇಲೆ ಮಲಗಿದ್ದಳು. ಶ್ವಾಸಕೋಶ ಕೈಕೊಟ್ಟಿತ್ತು. ಇನ್ನೆರಡು ವಾರ ಎಂದು ನರ್ಸ್ ಹೇಳಿ ಹೋಗಿದ್ದಳು.

"ಮಾತ್ರೆ ಕದ್ದದ್ದು ಹಾಳಾಗ್ಲಿ, ಡಬ್ಬಿನಾದ್ರೂ ಬಿಟ್ಟು ಹೋಗ್ಬಾರದಿತ್ತಾ ಆ ಕಳ್ಳಿ? ಅಂಗಿ ಗುಂಡಿ ಹಾಕಿಡೋಕಾದ್ರೂ ಆಗ್ತಿತ್ತು" ಎಂದಳು ಓಲೀಟಾ.

"ನಿಂಗೆ ಕೋಪ ಇಲ್ಲ ಅಂತ ಶನಿವಾರ ಜೈಲಿಗೆ ಭೇಟಿಗೆ ಹೋದಾಗ ನಾನೇ ಹೇಳ್ತೀನಿ ಬಿಡಮ್ಮ."

"ನೀನು ಹೇಳಿದ್ರೆ ನಂಬ್ತಾಳಾ? ಸಮಾಧಾನಕ್ಕೆ ಅಂತ ಸುಳ್ಳು ಹೇಳೋದು ನಿನ್ನ ಹುಟ್ಟುಗುಣ ಅಂತ ಅವಳಿಗೆ ಗೊತ್ತು. ನನ್ನ ಬಾಯಿಂದಾನೇ ಕೇಳ್ಬೇಕು. ಅವಳ ಕೈಲಿ ಒಂದು ಫೋನ್ ಮಾಡಿಸು."

ಜೈಲಿಗೆ ಹೊರಗಿನವರು ಫೋನ್ ಮಾಡುವಂತಿಲ್ಲ. ಒಳಗಿನವರೇ ಮಾಡಬೇಕು, ಅದಕ್ಕೆ ಅವರ ಹೆಸರಿನಲ್ಲಿ ದುಡ್ಡಿರಬೇಕು. ಮಂಗಳವಾರ ಪಾಳಿ ಮುಗಿಸಿ ವರ್ಲೀನ್ ಜೈಲಿನ ಹೊರಕೋಣೆಗೆ ಹೋದಳು. ಗೋಡೆಗೆ ಒರಗಿಸಿದ ಯಂತ್ರದಲ್ಲಿ ಮಗಳ ಹೆಸರು ಹುಡುಕಿ ನಲವತ್ತು ಡಾಲರ್ ತುರುಕಿದಳು. ಪರದೆಯ ಮೇಲೆ ಎರಡು ಚೌಕಗಳು ಬಂದವು: ಕ್ಯಾಂಟೀನ್, ಫೋನ್. ಅವಳು ಕ್ಯಾಂಟೀನ್ ಒತ್ತಿದಳು.

ಅದಕ್ಕೆ ಕಾರಣವಿತ್ತು. ತೀರಿಹೋದ ಅವಳ ಗಂಡ ಡೆಲ್ಮರ್ ಕುಡಿದು ಗಾಡಿ ಓಡಿಸಿ ಇದೇ ಜೈಲಿಗೆ ಮೂರು ಸಲ ಬಂದಿದ್ದ. ಆಗ ಕಿಟಕಿಯಲ್ಲಿ ಕೊಟ್ಟ ನೋಟನ್ನು ಜೈಲರ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಸಿಗರೇಟು, ಸೋಪು, ಫೋನು ಎಲ್ಲಕ್ಕೂ ಒಂದೇ ದುಡ್ಡು. ಅದಕ್ಕೆ ಎಲ್ಲರೂ ಕ್ಯಾಂಟೀನ್ ದುಡ್ಡು ಎನ್ನುತ್ತಿದ್ದರು. ಊರಿನ ಹಳಬರು ಈಗಲೂ ಹಾಗೇ ಎನ್ನುತ್ತಾರೆ.

ಯಂತ್ರದಿಂದ ಬಂದ ಚೀಟಿ ನೋಡಿದ ಮೇಲೆ ಅನುಮಾನ ಬಂದು ಕಿಟಕಿಯಲ್ಲಿದ್ದ ಕಾವಲಿನವನಿಗೆ ತೋರಿಸಿದಳು.

"ಅಯ್ಯೋ ಮಿಸ್ ವರ್ಲೀನ್, ಇದು ತಿಂಡಿ ದುಡ್ಡು. ಫೋನಿಗೆ ಬರಲ್ಲ."

"ಆ ಕಡೆಯಿಂದ ಈ ಕಡೆಗೆ ಹಾಕಪ್ಪ ಹಾಗಾದ್ರೆ."

"ಅದು ನುಂಗಿದ್ರೆ ನುಂಗಿದ ಹಾಗೆ. ನನ್ನ ಕೈಲಿ ಏನಿದೆ?"

"ಅವಳ ಅಜ್ಜಿ ಸಾಯ್ತಿದ್ದಾಳೆ ಕಣಪ್ಪ. ಇಲ್ಲಿಂದಾನೇ ಒಂದು ಫೋನ್ ಮಾಡ್ಸೋಕೆ ಆಗಲ್ವಾ?"

"ಒಬ್ಬಳಿಗೆ ಬಿಟ್ರೆ ನಾಳೆ ಎಪ್ಪತ್ತು ಅಜ್ಜಿಯರು ಸಾಯ್ತಾರೆ" ಎಂದು ಅವನು ನಕ್ಕ. ಆಮೇಲೆ ಮುಖ ತಗ್ಗಿಸಿ, "ಅಜ್ಜಿ ವಿಷಯ ಅವಳಿಗೆ ಹೇಳ್ತೀನಿ" ಎಂದ.

ವರ್ಲೀನಳ ಪರ್ಸಿನಲ್ಲಿ ಉಳಿದದ್ದು ಆರು ಡಾಲರ್. ಫೋನಿಗೆ ಹತ್ತಕ್ಕಿಂತ ಕಡಿಮೆ ಹಾಕುವಂತಿಲ್ಲ. ಪಕ್ಕದ ಮನೆಯಲ್ಲಿ ಕೇಳಬಹುದಿತ್ತು. ಶುಕ್ರವಾರ ಸಂಬಳ, ಮೂರು ದಿನ ತಾನೆ ಎಂದುಕೊಂಡಳು. ನರ್ಸ್ ಹೇಳಿದ್ದು ಎರಡು ವಾರ.

ಬುಧವಾರ ಮಧ್ಯಾಹ್ನ ಅವಳು ತಾಯಿಗೆ ಜೋಳದ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ತಿನ್ನಿಸುತ್ತಿದ್ದಾಗ ಫೋನ್ ಬಂತು. ಮೊದಲು ಯಂತ್ರದ ದನಿ: ಕೌಂಟಿ ಜೈಲಿನ ಕೈದಿಯಿಂದ ಕರೆ, ಕೈದಿಯ ಹೆಸರು. ಆಮೇಲೆ, ಮೊದಲೇ ರೆಕಾರ್ಡ್ ಮಾಡಿಟ್ಟ ದನಿಯಲ್ಲಿ, ಗೊಗ್ಗರು ಗಂಟಲಿನ ಹೆಂಗಸೊಬ್ಬಳು "ರೊಂಡಾ" ಎಂದಳು. ಒಪ್ಪಿಗೆಯಿದ್ದರೆ ಒಂದು ಒತ್ತಿ, ಎಂದಿತು ಯಂತ್ರ.

ವರ್ಲೀನಳಿಗೆ ಯಾವ ರೊಂಡಾಳೂ ಗೊತ್ತಿರಲಿಲ್ಲ. ಜೈಲಿನಿಂದ ಸಿಕ್ಕ ನಂಬರಿಗೆಲ್ಲ ಫೋನ್ ಮಾಡಿ ದುಡ್ಡು ಕೇಳುವವರಿದ್ದಾರೆ. ಹೋದ ವರ್ಷ ಅವಳೇ ಒಬ್ಬಳಿಗೆ ಇಪ್ಪತ್ತು ಡಾಲರ್ ಕಟ್ಟಿ ಮೋಸ ಹೋಗಿದ್ದಳು. ಕರೆ ಕತ್ತರಿಸಿದಳು. ಮತ್ತೆ ಬಂತು. ಮತ್ತೆ ಕತ್ತರಿಸಿದಳು.

"ಯಾರೇ ಅದು?" ಎಂದಳು ಓಲೀಟಾ.

"ಯಾರೋ ಗುರುತಿಲ್ಲದವಳು. ನೀನು ನುಂಗಮ್ಮ."

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಓಲೀಟಾ ಸತ್ತಳು.

ಮಣ್ಣು ಮಾಡಿದ ಮರುದಿನ, ಶನಿವಾರ, ವರ್ಲೀನ್ ಮಗಳನ್ನು ನೋಡಲು ಹೋದಳು. ಭೇಟಿಗೆ ಅರ್ಧ ಗಂಟೆ, ನಡುವೆ ಗಾಜು, ಎರಡೂ ಕಡೆ ರಿಸೀವರ್. ಕೆಂಡ್ರಾಳ ಕಣ್ಣು ಊದಿತ್ತು. ಸಾವಿನ ಸುದ್ದಿಯನ್ನು ಕಾವಲಿನವನು ಆಗಲೇ ಹೇಳಿದ್ದ.

"ಅಜ್ಜಿಗೆ ನನ್ನ ಮೇಲೆ ಅಷ್ಟೊಂದು ಕೋಪ ಇತ್ತಾಮ್ಮ?"

"ಇರಲಿಲ್ಲ ಕಣೆ."

"ಸುಳ್ಳು ಹೇಳ್ಬೇಡ. ಬುಧವಾರ ನಾನು ಫೋನ್ ಮಾಡಿದ್ನಲ್ಲ. ನೀನು ಹಾಕಿದ ದುಡ್ಡಲ್ಲಿ ಹನ್ನೆರಡು ಪೊಟ್ಟಣ ನೂಡಲ್ಸ್ ತಗೊಂಡು ಇಲ್ಲಿರೋ ರೊಂಡಾಗೆ ಕೊಟ್ಟು, ಅವಳ ಫೋನ್ ಖಾತೆ ನಂಬರಿಂದ ಮಾಡ್ದೆ. ಮಧ್ಯಾಹ್ನ ನೀನು ಕೆಲಸದಲ್ಲಿ ಇರ್ತೀಯಲ್ಲ. ಎರಡು ಸಲಾನೂ ಅಜ್ಜಿ ಇಟ್ಟುಬಿಟ್ಲು."

ಬುಧವಾರದಿಂದ ರಜೆ ಹಾಕಿದ್ದನ್ನು ವರ್ಲೀನ್ ಮಗಳಿಗೆ ತಿಳಿಸಿರಲಿಲ್ಲ. ತಿಳಿಸಲು ದಾರಿಯೂ ಇರಲಿಲ್ಲ. ಅವಳು ಗಾಜಿನ ಹತ್ತಿರಕ್ಕೆ ಬಾಗಿದಳು.

"ಅಜ್ಜಿ ಅಲ್ಲ ಕಣೆ. ನಾನು ಮನೇಲೇ ಇದ್ದೆ. ನಾನೇ ಕಟ್ ಮಾಡಿದ್ದು. ಬೇರೆ ಯಾರದ್ದೋ ಹೆಸರು ಕೇಳಿಸ್ತು. ಅಜ್ಜಿ ನಿನ್ನ ಫೋನಿಗೇ ಕಾಯ್ತಿದ್ಲು. ಕೋಪ ಇಲ್ಲ ಅಂತ ತನ್ನ ಬಾಯಿಂದಾನೇ ಹೇಳ್ಬೇಕು ಅಂತಿದ್ಲು."

ಕೆಂಡ್ರಾ ತಾಯಿಯ ಮುಖವನ್ನು ಬಹಳ ಹೊತ್ತು ನೋಡಿದಳು.

"ನೀನು ಹೀಗೇ ಹೇಳ್ತೀಯಾ ಅಂತ ಗೊತ್ತಿತ್ತು ಅಮ್ಮ. ನಂಗೆ ನೋವಾಗಬಾರದು ಅಂತ."

"ದೇವರಾಣೆ ಕಣೆ, ನಾನೇ."

"ಇರ್ಲಿ ಬಿಡು."

ಕೆಂಡ್ರಾ ರಿಸೀವರನ್ನು ಕೊಕ್ಕೆಗೆ ಹಾಕಿದಳು. ಗಾಜಿನ ಈಚೆ ವರ್ಲೀನ್ ಇನ್ನೂ ಮಾತಾಡುತ್ತಲೇ ಇದ್ದಳು. ಭೇಟಿ ಮುಗಿಯಲು ಇನ್ನೂ ಹದಿನೆಂಟು ನಿಮಿಷ ಉಳಿದಿತ್ತು.