ಶಾರದಾ ಮೇಡಂ ಅಂದ ‘ಆತು’

ಗದಗಿನ ನಮ್ಮ ಕಾಲೇಜಿನ ತರಗತಿಯಲ್ಲಿ ಶಾರದಾ ಮೇಡಂ ಆಫೀಸಿನ ಗಾಲಿ ಕುರ್ಚಿಯಲ್ಲಿ ಕೂತು, ಸೆರಗು ಸಿಕ್ಕಿಸಿಕೊಂಡು, ಭಾರದ ಬ್ಯಾಗ್ ಹಿಡಿದ ಕೈಯನ್ನು ಜೋರಾಗಿ ಮುಂದಕ್ಕೆ ಚಾಚುತ್ತಿದ್ದರು. ಕುರ್ಚಿ ಹಿಂದಕ್ಕೆ ಉರುಳಿ ಕರಿಹಲಗೆಗೆ ಬಡಿಯುತ್ತಿತ್ತು. ನಾವು ಬಿದ್ದು ಬಿದ್ದು ನಗುತ್ತಿದ್ದೆವು. “ನಗ್ರಿ, ನಗ್ರಿ. ಆಕಾಶದಾಗ ರೋಬೋಟಿನ ಹಣೇಬರಾನೂ ಇದ. ಕೈ ಮುಂದ ಹೋದ್ರ ಮೈ ಹಿಂದ ಸರಿತೈತಿ. ಕಾಲೂರಾಕ ನೆಲಾನ ಇಲ್ಲ.”

ಲಕ್ಷ್ಮೇಶ್ವರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಅವರ ಕೈಕೆಳಗೆ, ಮುಂಡರಗಿಯ ನಾನು ಪಿಎಚ್‌ಡಿಗೆ ಸೇರಿದೆ. ಗಾಳಿ ಊದುವ ಮೇಜಿನ ಮೇಲೆ, ಆಕಾಶದಲ್ಲಿದ್ದಂತೆ ತೇಲುವ ಪುಟ್ಟ ರೋಬೋಟು ನಮ್ಮದು. ಅದರ ತೋಳು ತನ್ನ ತಪ್ಪಿನಿಂದ ತಾನೇ ಕಲಿಯುವಂತೆ ನ್ಯೂರಲ್ ನೆಟ್‌ವರ್ಕ್ ಕಟ್ಟಬೇಕು. ಆದರೆ ಕಲಿಯುವ ಹುಮ್ಮಸ್ಸಿನಲ್ಲಿ ಅದು ಕೀಲನ್ನು ಮಿತಿಮೀರಿ ತಿರುಗಿಸಬಾರದು. “ಕಲೀಲಿ, ಬ್ಯಾಡ ಅನ್ನೂದಿಲ್ಲ. ಗೆರಿ ದಾಟಿತಂದ್ರ ಕಿವಿ ಹಿಂಡೂದ,” ಎನ್ನುತ್ತಿದ್ದರು. ನನಗೂ ಅದೇ ಕಾನೂನು.

ಮೇಡಂ ನಿವೃತ್ತರಾಗುವ ತಿಂಗಳೇ ನನ್ನ ಪರೀಕ್ಷೆ ಬಂತು. ಮೈಸೂರಿನ ಪರೀಕ್ಷಕರ ಮುಂದೆ ತೋಳು ಒಂದು ಸ್ಪ್ಯಾನರ್ ಹಿಡಿದು ತೋರಿಸದಿದ್ದರೆ, ನಾನು ಬೇರೆ ಗೈಡ್ ಹುಡುಕಿ ಮೊದಲಿಂದ ಶುರು ಮಾಡಬೇಕಿತ್ತು. ಕಂಪ್ಯೂಟರಿನಲ್ಲಿ ಕೀಲುಗಳಿಗೆ ಮಿತಿ ಹಾಕುವುದು ಮೇಡಂ ಕೆಲಸ. “ಮೇಡಂ, ಮಿತಿ?” ಎಂದೆ. “ಆತು,” ಎಂದರು. ನಮ್ಮ ಕಡೆ ‘ಆತು’ ಎಂದರೆ ಮುಗಿಯಿತು ಅಂತಲೂ ಹೌದು, ಸರಿ, ಮಾಡ್ತೀನಿ ಅಂತಲೂ ಹೌದು. ನಾನು ಮೊದಲನೆಯದನ್ನು ನಂಬಿ ಗುಂಡಿ ಒತ್ತಿದೆ. ತೋಳು ಸೆಟೆಯಿತು, ರೋಬೋಟು ಗಿರಕಿ ಹೊಡೆಯಿತು, ಮೇಜಿನಂಚಿನ ಚಹಾ ಪರೀಕ್ಷಕರ ಬಿಳಿ ಅಂಗಿಗೆ ಅಭಿಷೇಕವಾಯಿತು. ಒಂದು ಕೀಲು ಸಿಕ್ಕಿಹಾಕಿಕೊಂಡಿತು. ನನಗೆ ಅಳುವೇ ಬಂತು.

ಮೇಡಂ ಬೈಯಲಿಲ್ಲ. ತಪ್ಪು ಯಂತ್ರದ್ದಲ್ಲ, ನಮ್ಮ ಮಾತಿನದು ಎನ್ನುತ್ತ ಪರೀಕ್ಷಕರಿಗೆ ಟವೆಲ್ ಕೊಟ್ಟರು. ಮಿತಿ ಹಾಕಿ, ಸಿಕ್ಕಿಕೊಂಡ ಕೀಲನ್ನು ಹಾಗೇ ಬಿಟ್ಟು ಮತ್ತೆ ಶುರು ಮಾಡಿಸಿದರು. “ಆಕಾಶದಾಗ ರಿಪೇರಿಗೆ ಯಾರ ಬರ್ತಾರ್ರಿ? ಉಳಿದ ಕೀಲಿನಾಗ ಕಲೀಲಿ.”

ತೋಳು ತಡವರಿಸಿತು, ತಪ್ಪಿತು, ತಿದ್ದಿಕೊಂಡಿತು. ಕೊನೆಗೆ ಸ್ಪ್ಯಾನರನ್ನು ಮೆಲ್ಲಗೆ ಹಿಡಿಯಿತು. ಪರೀಕ್ಷಕರು ಒದ್ದೆ ಅಂಗಿಯಲ್ಲೇ ಚಪ್ಪಾಳೆ ತಟ್ಟಿದರು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ತಿನ್ನುತ್ತ, ನಿಮಗೆ ಒಂಚೂರೂ ಹೆದರಿಕೆ ಆಗಲಿಲ್ಲವೇ ಎಂದು ಕೇಳಿದೆ.

“ಯಾಕಾಗೂದಿಲ್ಲ ಯವ್ವಾ? ಕೈ ಗಡಗಡ ನಡಗತಿದ್ವು. ನಿನ್ನ ನಡುನೀರಾಗ ಬಿಟ್ಟು ಹೊಂಟೆನೇನೋ ಅನಿಸಿತ್ತು.”

ನಿವೃತ್ತಿಯ ಮರುವರ್ಷ ಮೇಡಂ ತೀರಿಕೊಂಡರು. ಈಗ ಆ ಲ್ಯಾಬಿನಲ್ಲಿ ನಾನೇ ಗೈಡು. ಮೊನ್ನೆ ನನ್ನ ಶಿಷ್ಯೆಯ ಪರೀಕ್ಷೆ ನಡೆಯುವಾಗ ನನ್ನ ಕೈ ನಡುಗಿತು. ಮೇಡಂಗೆ ನನ್ನ ಮೇಲೆ ಎಷ್ಟು ಜೀವವಿತ್ತು ಎಂಬುದು ಆಗ ತಿಳಿಯಿತು.